ಅರ್ಧ ಹಳದಿ

ಮೊದಲ ಕಾಗದ ಬಂದದ್ದು ಫೆಬ್ರವರಿಯಲ್ಲಿ:
ನಿಮ್ಮ ಹೆಸರು ಪಟ್ಟಿಯಲ್ಲಿದೆ.
ಎರಡನೆಯದು ಜೂನಿನಲ್ಲಿ:
ನಿಮ್ಮ ಹೆಸರು ಇನ್ನೂ ಪಟ್ಟಿಯಲ್ಲಿದೆ.
ನಾಲ್ಕು ತಿಂಗಳ ಬೆಳೆ
ಆ ಒಂದು ‘ಇನ್ನೂ’.

ಇಲ್ಲಿ ಹೋಲಿಹೆಡ್ಡಿನಲ್ಲಿ
ಐರ್ಲೆಂಡಿನ ಹಡಗು ನಡುರಾತ್ರಿ ದಾಟಿ ಹೊರಡುತ್ತದೆ.
ಅದಕ್ಕೆ ಮೊದಲು ಕ್ಯಾಬಿನ್ನುಗಳ ಹಾಸಿಗೆ ಬದಲಿಸುವುದು ನನ್ನ ಕೆಲಸ.
ಏಪ್ರಿಲಿನಲ್ಲಿ ನಲವತ್ತು ಕ್ಯಾಬಿನ್ನು ಒಬ್ಬಳೇ ಮುಗಿಸಿದೆ,
ಹಾಡುತ್ತ, ದಿಂಬುಗಳಿಗೆ ಹೆಸರಿಡುತ್ತ.
ಮೇಸ್ತ್ರಿ ಗೆಥಿನ್ ಬೆನ್ನು ತಟ್ಟಿದ:
‘ನೆರಿಸ್, ನಿನ್ನಂಥವರು ಹತ್ತು ಜನ ಇದ್ದಿದ್ದರೆ!’
ಇದ್ದರು, ಗೆಥಿನ್.
ಹತ್ತು ಜನವೂ ನನ್ನೊಳಗೇ ಇದ್ದರು.
ಒಬ್ಬಳಿಗೂ ನಿದ್ದೆ ಬರುತ್ತಿರಲಿಲ್ಲ.

ಆ ವಾರವೇ ಬಣ್ಣ ಕೊಂಡದ್ದು,
ಹನ್ನೊಂದು ಡಬ್ಬಿ ಹಳದಿ.
ಬೆಳಗಿನ ಜಾವ ಮೂರಕ್ಕೆ, ಅಡುಗೆಮನೆಯ ಗೋಡೆಗೆ
ಸೂರ್ಯನನ್ನೇ ಅರೆದು ಬಳಿಯುತ್ತಿದ್ದೆ.
ಕಿಟಕಿಯ ತನಕ ಬರುವಷ್ಟರಲ್ಲಿ ಕೈ ನಿಂತಿತು,
ಯಾರೋ ಫ್ಯೂಸು ಕಿತ್ತ ಹಾಗೆ.
ಆಮೇಲೆ ಏಳು ವಾರ
ಆ ಅರ್ಧ ಹಳದಿಯ ಎದುರು ಕೂತು
ಚಹಾ ಆರುವುದನ್ನು ನೋಡಿದೆ.
ಲೋಟ ತೊಳೆಯುವುದು
ಬೇರೆ ದೇಶದ ಸುದ್ದಿಯಷ್ಟು ದೂರ.

ಪಕ್ಕದ ಮನೆಯ ಮಿಸೆಸ್ ಪ್ರಿದರ್ಕ್ ಅಂದರು:
‘ಏರಿಳಿತ ಎಲ್ಲರಿಗೂ ಇರುತ್ತಮ್ಮ.’
ಹೌದು,
ಮೆಟ್ಟಿಲು ಇರುವವರಿಗೆ.

ಊರ ಡಾಕ್ಟರು ಒಳ್ಳೆಯವರು, ಕಣ್ಣು ನೋಡಿ ಮಾತಾಡುತ್ತಾರೆ.
ತಜ್ಞರು ನೋಡುವ ತನಕ ಆ ಮಾತ್ರೆ ನಾನು ಬರೆಯುವಂತಿಲ್ಲ;
ಸಾಯಬೇಕು ಅನ್ನಿಸಿದರೆ ತುರ್ತು ವಿಭಾಗಕ್ಕೆ ಹೋಗಿ;
ಇಲ್ಲವಾದರೆ, ದಯವಿಟ್ಟು, ಕಾಯಿರಿ.
ಈ ಎರಡು ಕಿಟಕಿಗಳ ನಡುವಿನ ಗೋಡೆಗೆ ಒರಗಿಕೊಂಡು
ನಿದ್ದೆಯ ಲೆಕ್ಕ ಬರೆಯುತ್ತೇನೆ, ಹೇಳಿಕೊಟ್ಟ ಹಾಗೆ:
ಸೋಮವಾರ ಐದು ಗಂಟೆ.
ಮಂಗಳವಾರ ಮೂರು.
ಬುಧವಾರ, ಕಡಲಹಕ್ಕಿ.

ಅಣ್ಣ ಐವರ್ ಬಂದರಿನಲ್ಲಿ ಕ್ರೇನ್ ನಡೆಸುವವನು,
ಭಾರವನ್ನು ಎಲ್ಲಿ ಹಿಡಿಯಬೇಕೆಂದು ಬಲ್ಲವನು.
ನನ್ನ ಬ್ಯಾಂಕಿನ ಕಾರ್ಡನ್ನು ಐಸ್‌ಕ್ರೀಮಿನ ಖಾಲಿ ಡಬ್ಬಿಗೆ ಹಾಕಿ
ನೀರು ತುಂಬಿ ಫ್ರೀಜರಿನಲ್ಲಿಟ್ಟ.
‘ಬೇಕಾದಾಗ ತಗೋ. ಕರಗೋ ತನಕ ಕಾಯಿ.’
ಈ ವರ್ಷ ‘ಕಾಯಿ’ ಎಂದವರಲ್ಲಿ
ಅವನೊಬ್ಬನೇ
ಎಷ್ಟು ಹೊತ್ತು ಎಂದು ಹೇಳಿದ್ದು.

ಎಲ್ಲೋ ಒಂದು ಸೀಮೆಯಲ್ಲಿ
ದೆವ್ವ ಕದ ತಟ್ಟದಿರಲೆಂದು ಬಾಗಿಲ ಮೇಲೆ
‘ನಾಳೆ ಬಾ’ ಎಂದು ಬರೆಯುತ್ತಾರಂತೆ.
ಪಾಪದ ದೆವ್ವ ಓದಿಕೊಂಡು ಹಿಂದಿರುಗುತ್ತದಂತೆ,
ಮರುದಿನ ಬಂದು ಮತ್ತೆ ಓದುತ್ತದಂತೆ.
ಆಸ್ಪತ್ರೆಯ ಬಾಗಿಲಿಗೆ ನಾನೇ ಆ ದೆವ್ವ,
ವಿಧೇಯಳು, ಓದುಬರಹ ಬಲ್ಲವಳು.

ಸೆಪ್ಟೆಂಬರಿನ ಒಂದು ರಾತ್ರಿ ಅದು ಮರಳಿತು,
ಮೊದಲು ಕಾಲ್ಬೆರಳುಗಳಿಗೆ.
ದೀಪಸ್ತಂಭ ನನಗೊಬ್ಬಳಿಗೇ ಕಣ್ಣು ಮಿಟುಕಿಸಿತು.
ಪಿಯಾನೋ ಕೊಳ್ಳಬೇಕು. ಡಬ್ಲಿನ್ನಿಗೆ ಹೋಗಬೇಕು. ಕೂದಲು ಕತ್ತರಿಸಬೇಕು.
ಈಗ. ಈಗಲೇ. ಈಗೀಗೀಗ.
ಗಡ್ಡೆಯನ್ನು ತೆಗೆದು ಸಿಂಕಿನಲ್ಲಿಟ್ಟೆ.
ಕುದಿನೀರಿನ ಕೆಟಲು ಕೈಯಲ್ಲೇ ಇತ್ತು.
ಮಂಜಿನೊಳಗೆ ನನ್ನ ಹೆಸರು, ಸ್ವಲ್ಪ ಸೊಟ್ಟಗೆ,
ಯಾವ ಪಟ್ಟಿಗೂ ಸೇರದೆ, ತಣ್ಣಗೆ ಮಲಗಿತ್ತು.
ಅದರ ನಿದ್ದೆ ಕೆಡಿಸಲು ಮನಸ್ಸಾಗಲಿಲ್ಲ.

ಪಿಯಾನೋಗೆ ಹೇಳಿದೆ: ನಾಳೆ ಬಾ.
ಡಬ್ಲಿನ್ನಿಗೆ: ನಾಳೆ.
ಆಸ್ಪತ್ರೆ ಕಲಿಸಿದ್ದು ಅದೊಂದೇ ಮದ್ದು,
ಕಹಿಯಾದರೂ ಬಳಸಿದೆ.
ಆಮೇಲೆ ಫೋನು ಮಾಡಿದೆ.

ಐವರ್ ಬಂದ, ಕೋಟಿನ ಕೆಳಗೆ ಪೈಜಾಮ.
ಕೆಟಲನ್ನು ಕೈಯಿಂದ ತೆಗೆದುಕೊಂಡು ಚಹಾ ಮಾಡಿದ.
ಐದು ಗಂಟೆಗೆ ಗಡ್ಡೆಯನ್ನು ಫ್ರೀಜರಿಗೆ ಮರಳಿಸಿದ,
ಕಾರ್ಡಿನ ಒಂದು ಮೂಲೆ ಆಗಲೇ ಹೊರಬಂದಿತ್ತು.
ಗೋಡೆಯನ್ನು ಬಹಳ ಹೊತ್ತು ನೋಡಿದ.
‘ಬಣ್ಣ ಎಷ್ಟು ಡಬ್ಬಿ ಉಳಿದಿದೆ?’
ಆರು, ಅಂದೆ.
‘ಇರಲಿ’ ಅಂದ.