ಹಳೆಯ ಬೆಣ್ಣೆ

ಎರಡು ವರ್ಷ ಬೆಣ್ಣೆ ಮುಟ್ಟಿಲ್ಲ ಟೋರ್ಲೈವ್.
ಕುರಿಮಾಂಸ ಇಲ್ಲ, ಹೆರಿಂಗ್ ಮೀನಿಲ್ಲ.
ಆದರೂ ಬರ್ಗೆನ್ನಿನ ಈ ಲ್ಯಾಬಿನಲ್ಲಿ
ಅವನ ರಕ್ತದ ಗೆರೆ ಮತ್ತೆ ಗುಡ್ಡವಾಗಿ ಎದ್ದಿದೆ.

ಹಸು ಮೇಯ್ದ ಹುಲ್ಲಿನ ಹಸಿರಿಗೊಂದು ಬಾಲ;
ಹಾಲಿಗಿಳಿದು, ಬೆಣ್ಣೆಯಲ್ಲಡಗಿ ಬರುತ್ತದೆ.
ಅದರ ತುದಿ ಕತ್ತರಿಸಲು ನಮಗೆಲ್ಲ
ಜೀವಕೋಶದೊಳಗೊಂದು ಪುಟ್ಟ ಕತ್ತರಿ.
ಅವನದು ಹುಟ್ಟಿನಿಂದ ಮೊಂಡು.

ಫೋನಿನಲ್ಲಿ ಕೇಳಿದೆ: ಕದ್ದು ತಿಂದೆಯಾ?
'ಏನೂ ತಿಂದಿಲ್ಲ. ಗುಡ್‌ವೈಗ್ ಹೋದ ಮೇಲೆ
ಹನ್ನೊಂದು ದಿನ, ಬರೀ ಕಾಫಿ.'

ಓ.
ಹಾಗಾದರೆ ಇದು ಹಳೆಯ ಬೆಣ್ಣೆ,
ಮೈಯ ಕೊಬ್ಬು ಕರಗಿದಂತೆ ಹೊರಬರುತ್ತಿದೆ:
ಅವಳು ಬ್ರೆಡ್ಡಿಗೆ ದಪ್ಪಗೆ ಸವರಿ ಕೊಡುತ್ತಿದ್ದದ್ದು,
ಕಾಯಿಲೆಗಿನ್ನೂ ಹೆಸರಿಲ್ಲದ ಕಾಲದಲ್ಲಿ.

ಅಳು, ಟೋರ್ಲೈವ್, ಎಷ್ಟು ಬೇಕಾದರೂ.
ಆದರೆ ಉಪವಾಸ ಬೇಡ.
ನಿನ್ನ ಕಣ್ಣಿಗೆ ಕತ್ತಲಾಗುವ ಮೊದಲು
ಒಂದು ಆಲೂಗಡ್ಡೆ ಬೇಯಿಸಿಕೋ.