ನೋಮಾ

ಕಮಿತಿ ಜೈಲಿನ ಗೇಟಿನಲ್ಲಿ ಒದುಯಾನಿಗೆ
ಅವನ ಪ್ಯಾಂಟು, ಬೆಲ್ಟು, ಸಾವಿರ ಶಿಲಿಂಗಿನ ಎರಡು ನೋಟು
ಲೆಕ್ಕ ಹಾಕಿ ಹಿಂದಿರುಗಿಸಿದರು, ಹೆಬ್ಬೆಟ್ಟು ಒತ್ತಿಸಿಕೊಂಡು.
ಒಂಬತ್ತು ವರ್ಷ ಮಡಚಿಟ್ಟ ಗೆರೆ
ಮೊಣಕಾಲಿಗೆ ಅಡ್ಡವಾಗಿ ಇತ್ತು.

"ನೋಮಾ" ಎಂದ, ಬಿಸಿಲಿಗೆ ಕಣ್ಣು ಕಿರಿದುಮಾಡಿ.
ನಾನೂ ಮ್ವೆಂದೆಯೂ ನಕ್ಕುಬಿಟ್ಟೆವು.
ಅವನು ಹೇಳಿದ್ದು: ಬಲು ಕಷ್ಟ.
ನಮ್ಮ ಕಿವಿಗೆ ಬಿದ್ದದ್ದು: ಭರ್ಜರಿ!
ಅವನು ಒಳಗಿದ್ದಾಗ ನಮ್ಮ ಬೀದಿಯಲ್ಲಿ ಆ ಪದ
ತವೆಯ ಮೇಲಿನ ಚಪಾತಿಯ ಹಾಗೆ ಮಗುಚಿಕೊಂಡಿತ್ತು,
ಮಗುಚಿದ ಕೈ ಯಾರದೋ, ನೋಡಿದವರಿಲ್ಲ.
ಒಂದು ದಿನ ನನ್ನ ತಂಗಿ ಹೊಸ ಶೂ ನೋಡಿ ನೋಮಾ ಅಂದಳು,
ಮರುವಾರ ನಾನೂ ಅಂದೆ.

ರಿವರ್ ರೋಡಿನ ಫುಟ್‌ಪಾತಿನಲ್ಲಿ
ಹಳೇ ಬಟ್ಟೆ ಹರಡಿ ಮಾರುತ್ತಿದ್ದ ದಿನಗಳಲ್ಲಿ
ಅದು ಹೊಗಳಿಕೆಯಾಗಿರಲಿಲ್ಲ.
ಕಾಂಜೊ ಬಂದರೆ, ಅಂದರೆ ನಗರಸಭೆಯ ಲಾಠಿಯವರು ಬಂದರೆ,
ಮೂಲೆಯಲ್ಲಿ ನಿಂತವರು ಒಂದೇ ಸಲ ಕೂಗಬೇಕು, ನೋಮಾ,
ಚಾದರದ ನಾಲ್ಕು ತುದಿ ಸೇರಿಸಿ ಗಂಟು ಹೆಗಲಿಗೆ,
ಚಪ್ಪಲಿ ಕೈಗೆ, ಗೋಡೆ ಹಾರು.
ಅರ್ಥ ಕೇಳುತ್ತ ಕೂತವರ ಸರಕು ಲಾರಿ ಸೇರುತ್ತಿತ್ತು.

ಅವತ್ತು ಮೂಲೆಯ ಸರದಿ ನನ್ನದು.
ಚಹಾ ಬಿಸಿಯಿತ್ತು. ಊದುತ್ತಿದ್ದೆ.
ತಿರುಗಿ ನೋಡುವಾಗ ಒದುಯಾ ಒಬ್ಬ ಕಾಂಜೊನನ್ನು ತಳ್ಳಿಯಾಗಿತ್ತು,
ಚರಂಡಿಯ ಅಂಚಿಗೆ ಅವನ ತಲೆ ಬಡಿದೂ ಆಗಿತ್ತು.
ಇದಕ್ಕೆ ನಮ್ಮಲ್ಲಿ ಹೊಸ ಪದವೂ ಇಲ್ಲ, ಹಳೆಯದೂ.

ಮಟಾಟುವಿನಲ್ಲಿ ಕಂಡಕ್ಟರ್ ಹುಡುಗ,
ಮೀಸೆ ಇನ್ನೂ ಪೆನ್ಸಿಲಿನಲ್ಲಿ ಬರೆದ ಹಾಗಿತ್ತು,
"ಬುಡಾ, ಒಳಗೆ ಸರಿ" ಅಂದ.
ಒದುಯಾ ಸರಿಯಲಿಲ್ಲ.
ನಮ್ಮ ಕಾಲಕ್ಕೆ ಬುಡಾ ಅಂದರೆ ಅಪ್ಪ,
ಅದೂ ಅಪ್ಪನ ಬೆನ್ನ ಹಿಂದೆ; ಎದುರಿಗೆ ಅಂದರೆ ಕೆನ್ನೆ ಊದುತ್ತಿತ್ತು.
ಅವನ ಅಪ್ಪ ಮೂರನೇ ವರ್ಷ ತೀರಿಕೊಂಡ.
ಮಣ್ಣಿಗೆ ಬಿಡಲಿಲ್ಲ ಅವನನ್ನು.

"ಈಗ ಅದು ಅಣ್ಣ, ತಮ್ಮ ಅಂದ ಹಾಗೆ," ಮ್ವೆಂದೆ ಪಿಸುಗುಟ್ಟಿದಳು,
"ಎಲ್ಲರಿಗೂ ಅಂತಾರೆ."
ಅವನು ಹಿಂದಿನ ಸೀಟಿನವರೆಗೂ ಕತ್ತು ತಿರುಗಿಸಿ ನೋಡಿದ.
"ಹಾಗಾದರೆ ಈ ಗಾಡಿ ತುಂಬ ಅಪ್ಪಂದಿರು," ಎಂದ,
ಆಮೇಲೆ ಸರಿದು ಕೂತ.

ನೋಟು ಕೊಟ್ಟ. ಹುಡುಗ ಬೆಳಕಿಗೆ ಹಿಡಿದ, ಡ್ರೈವರಿಗೆ ತೋರಿಸಿದ,
ಮ್ಯೂಸಿಯಮ್ಮಿಗೆ ಕೊಡು ಎಂದು ಮತ್ತೆ ಕೈಗಿಟ್ಟ.
ಮೂವರ ದುಡ್ಡು ನಾನು ಕೊಟ್ಟೆ.
ಬಾಕಿ ಯಾವುದೂ ಅದರಿಂದ ತೀರಲಿಲ್ಲ.

ಭಾನುವಾರ ಮುತುಕುವಿನ ಪಂಕ್ಚರ್ ಅಂಗಡಿಯ ಮುಂದೆ
ಮೂವರೂ ಕೂತಿದ್ದೆವು, ನಡುವೆ ಬಟ್ಟೆಯ ಮೇಲೆ ಹುರಿದ ಕಡಲೆಕಾಯಿ.
ಒದುಯಾ ಹೊಸ ಪದ ಕಲಿಯುತ್ತಿದ್ದ, ತಪ್ಪು ಜಾಗಕ್ಕೆ ಹಾಕುತ್ತಿದ್ದ,
ಮುತುಕುವಿನ ಮಗ ನಕ್ಕು ನಕ್ಕು ಪಂಪು ಕೈಬಿಟ್ಟ.
ಮ್ವೆಂದೆ ನನ್ನನ್ನೂ ತಿದ್ದಿದಳು: ಅದೂ ಹಳತಾಯಿತು ಕಣೇ,
ಹೋದ ತಿಂಗಳಿಂದ ಯಾರೂ ಅನ್ನುವುದಿಲ್ಲ.

ಓಣಿಯಾಚೆ ಯಾರೋ ಗೋಲು ಹೊಡೆದರು.
ತಾರಸಿಯಿಂದ ಒಂದು ಮಗು ಕಿರುಚಿತು: ನೋಮಾ!

ಒದುಯಾ ಗೋಡೆಯ ಆಚೆಗಿದ್ದ.
ಕಡಲೆಯೆಲ್ಲ ನೆಲಕ್ಕೆ;
ಮ್ವೆಂದೆಯ ಕೈಯಲ್ಲಿ ಬಟ್ಟೆಯ ಎರಡು ತುದಿ.
ನನ್ನ ಒಂದು ಚಪ್ಪಲಿ ಕಾಲಲ್ಲಿ,
ಇನ್ನೊಂದು ಕೈಯಲ್ಲಿ.