ನೀರಿಗೆ ಗಡ್ಡ ಬಂದಾಗ

ಕುತಾಯಿಸಿಯಲ್ಲಿ, ಬಿಳಿ ಸೇತುವೆ ದಾಟಿ ಮೂರನೇ ಓಣಿ,
ಓತಾರನ ಕ್ಷೌರದಂಗಡಿ. ಕೂದಲು ಗುಡಿಸುವವಳು ನಾನು.
ನೀಳವೋ ಗಿಡ್ಡವೋ, ನರೆತದ್ದೋ ಬಣ್ಣ ಹಚ್ಚಿದ್ದೋ,
ನೆಲಕ್ಕೆ ಬಿದ್ದ ಮೇಲೆ ಎಲ್ಲಕ್ಕೂ ಒಂದೇ ಮೊರ.

ದೊಡ್ಡ ಕನ್ನಡಿಯ ಪಕ್ಕ ಒಂದು ಗಾಜಿನ ತೊಟ್ಟಿ.
ಮೂವತ್ತು ವರ್ಷ ಅದರೊಳಗೆ ಟವೆಲ್ಲು, ಹಲ್ಲು ಮುರಿದ ಬಾಚಣಿಗೆ,
ಜೊತೆ ತಪ್ಪಿದ ಒಂದು ಚದುರಂಗದ ಕುದುರೆ.
ಯಾಕೆಂದು ನಾನು ಕೇಳಿರಲಿಲ್ಲ.
ಈ ಮಾರ್ಚ್‌ನಲ್ಲಿ ಅವನೇ ಎಲ್ಲ ಹೊರತೆಗೆದ,
ಮೂಲೆಗಳಿಗೆ ಅಂಟು ಮೆತ್ತಿದ,
ರಿಯೋನಿ ನದಿಯ ಕಲ್ಲು ಏಳೋ ಎಂಟೋ ತೊಳೆದು ಹಾಸಿ
ನೀರು ಬಿಟ್ಟ.

ಮೊದಲ ವಾರ, ಹಾಲಿನ ಪಾತ್ರೆ ತೊಳೆದ ನೀರು.
ಆಮೇಲೆ ಕಲ್ಲಿನ ಮೇಲೆ ಕಂದು ಧೂಳು,
ಬೆರಳಾಡಿಸಿದರೆ ಹೋಗುತ್ತಿತ್ತು.
ಆಮೇಲೆ ಹಸಿರು, ಶಾಲೆ ಬಿಡುವ ವಯಸ್ಸಿನ ಹುಡುಗನ ಮೇಲ್ತುಟಿಯಷ್ಟು.
ಕಡೆಗೆ ಗಡ್ಡ:
ಪೈಪಿಗೆ, ಕಲ್ಲಿಗೆ, ಎಲೆಯ ಅಂಚಂಚಿಗೆ
ಗೇಣುದ್ದದ ಪಾಚಿ.

ಓತಾರ್ ಬ್ಲೇಡು ಹಿಡಿದು ಗಾಜು ಹೆರೆದ.
ನಲವತ್ತೊಂದು ವರ್ಷ ಪಳಗಿದ ಕೈ, ಒಂದು ಗೀರು ಬೀಳಲಿಲ್ಲ.
ಸೋಮವಾರ ಬೋಳಿಸಿದರೆ ಗುರುವಾರ ಹಾಜರು.
"ಇಂಥ ಗಿರಾಕಿ ನಾಲ್ಕು ಜನ ಇದ್ದಿದ್ದರೆ
ಮಹಡಿ ಮನೆ ಕಟ್ಟಿಸುತ್ತಿದ್ದೆ" ಅಂದ.

ಕುರ್ಚಿಯಲ್ಲಿ ಕೂತವರೆಲ್ಲ ವೈದ್ಯರು.
ಮೇಷ್ಟ್ರು ಬಾದ್ರಿ: ಮೀನಿಗೆ ಉಪವಾಸ ಹಾಕು.
ರೊಟ್ಟಿಯಂಗಡಿಯ ಗಿವಿ: ಬಸವನಹುಳು ಬಿಡು.
ಬಿಟ್ಟ. ಆರು ಅರವತ್ತಾದವು, ಗಡ್ಡದ ತಂಟೆಗೆ ಒಂದೂ ಹೋಗಲಿಲ್ಲ.
ಟ್ಯಾಕ್ಸಿಯ ಮುರ್ಮಾನ್: ಎಲ್ಲ ಚೆಲ್ಲಿ ಹೊಸ ನೀರು ತುಂಬು.
ತುಂಬಿದ. ಮತ್ತೆ ಹಾಲು, ಮತ್ತೆ ಧೂಳು, ಮತ್ತೆ ಮೀಸೆ.
ಮೀನು ಮಾರುವ ಹುಡುಗಿ ತೇಕ್ಲೆ ಬಾಗಿಲಲ್ಲೇ ನಿಂತು ಹೇಳಿದಳು:
"ಕತ್ತಲೆ. ಮೂರು ದಿನ ಪೂರಾ ಕತ್ತಲೆ ಕೊಡಿ.
ಇಣುಕಬೇಡಿ."

ಕತ್ತರಿ ನಿಂತಿತು.
ಅರ್ಧ ತಲೆಯ ಗಿರಾಕಿ ಹಾಗೇ ಕೂತ.

ಆಗ ಅವನು ಹೇಳಿದ, ನಮಗಲ್ಲ, ಕನ್ನಡಿಯೊಳಗಿನವನಿಗೆ:
ಕರೆಂಟೇ ಇಲ್ಲದ ಆ ಚಳಿಗಾಲಗಳು.
ಸೀಮೆಎಣ್ಣೆ ಒಲೆಯಲ್ಲಿ ನೀರು ಕಾಸಿ ಬಾಟಲಿಗೆ ತುಂಬಿ
ತೊಟ್ಟಿಯಲ್ಲಿ ತೇಲಿಬಿಡುವುದು, ಗಂಟೆಗೊಂದು.
ನಾಲ್ಕನೇ ರಾತ್ರಿ ಕಣ್ಣು ಹತ್ತಿತು.
ಬೆಳಿಗ್ಗೆ ಮೋಂಬತ್ತಿ ಹಿಡಿದು ನೋಡಿದರೆ
ಹದಿನೇಳು ಕತ್ತಿಬಾಲದ ಮೀನು,
ಮೇಲೆ,
ಮಗ್ಗುಲಾಗಿ.
"ಕತ್ತಲೆ ಏನು ಮಾಡುತ್ತದೆಂದು ನನಗೆ ಹೇಳಿಕೊಡಬೇಡಿ."

ಗಡ್ಡ ಬೆಳೆಯಿತು. ಮರಿಗಳು ಅದರಲ್ಲಿ ತೊಡರಿ ಒದ್ದಾಡಿದವು.

ಒಂದು ಶನಿವಾರ ಬಾಗಿಲು ಹಾಕುವ ಹೊತ್ತಿಗೆ
ಗಿರಾಕಿಗಳ ಕೊರಳಿಗೆ ಕಟ್ಟುವ ಕರಿಬಟ್ಟೆ ತಂದು
ತೊಟ್ಟಿಗೆ ಹೊದಿಸಿದ. ಹಿಂದೆ ಗಂಟು ಹಾಕಿದ,
ಒಂದು ಬೆರಳು ತೂರಿಸಿ ನೋಡಿ,
"ಬಿಗಿಯಾಯಿತಾ?" ಎಂದು ಕೇಳಿಯೂಬಿಟ್ಟ.
ಹೀಟರಿನ ತಂತಿಯನ್ನು ಮೂರು ಸಲ ಮುಟ್ಟಿದ.
ಮನೆಗೆ ಹೋಗಲಿಲ್ಲ.
ನಾನು ತಂದ ಹುರುಳಿಕಾಯಿ ಪಲ್ಯ ಆರಿಹೋಯಿತು;
ಅವನ ಬಲಗೈ ಬಟ್ಟೆಯ ಕೆಳಗೆ, ಗಾಜಿನ ಮೇಲೆ,
ಮಗುವಿನ ಜ್ವರ ನೋಡುವ ಹಾಗೆ,
ಬರೀ ಬಿಸಿ ಇದೆಯೇ ಎಂದು.

ಭಾನುವಾರ ಪಕ್ಕದ ಮನೆಯ ಲಮಾರಾ ಇಣುಕಿ
ಕರಿಬಟ್ಟೆ ಕಂಡು ಶಿಲುಬೆ ಹಾಕಿಕೊಂಡಳು.
"ಯಾರು ಹೋದದ್ದು?"
"ಯಾರೂ ಇಲ್ಲ" ಅಂದ. ಸ್ವಲ್ಪ ತಡೆದು,
"ಈ ಸಲ ಯಾರೂ ಇಲ್ಲ."

ಮಂಗಳವಾರ ಸಂಜೆ ಗಂಟು ಬಿಚ್ಚಿದ.
ಪಾಚಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಕೈಗೇ ಬರುತ್ತಿತ್ತು.
ಅವನಿಗೆ ಅದರ ಪರಿವೆಯಿಲ್ಲ.
ಎಣಿಸುತ್ತಿದ್ದ. ಒಂಬತ್ತು.
ಮತ್ತೆ ಮೊದಲಿನಿಂದ. ಒಂಬತ್ತು.

ಆ ಹಳೆಯ ಬಾಚಣಿಗೆಯಿಂದ ನಾನು ನೀರು ಬಾಚಿದೆ,
ಬಂದದ್ದನ್ನು ಅದೇ ಮೊರಕ್ಕೆ ಹಾಕಿದೆ.
ಒಂದು ಕಲ್ಲಿನ ಹಿಂದೆ ಉಗುರಗಲ ಹಸಿರು ಉಳಿದಿತ್ತು.
ಬ್ಲೇಡು ಎತ್ತಿದರೆ ನನ್ನ ಮಣಿಕಟ್ಟು ಹಿಡಿದ:
"ಇರಲಿ ಬಿಡು.
ಅಷ್ಟೂ ಬೋಳಿಸಿ ಕಳಿಸಿದರೆ
ಯಾವ ಗಿರಾಕಿ ಮತ್ತೆ ಬರುತ್ತಾನೆ?"